ಅಶೋಕನ ಒಂಬತ್ತು ಮಂದಿ ಮತ್ತು ಕಾಳವ್ವನ ಪಾದದ ಕಲ್ಲು



ವಾರವಾರವೂ ನಿಮ್ಮ ಕಿವಿಗೆ ಬೀಳುವ ದನಿ ಈ ಸಲ ಕಾಗದದ ಮೇಲೆ ಬಂದಿದೆ. ಕಾರಣ, ಒಂದು ತಪ್ಪೊಪ್ಪಿಗೆ. ನಮ್ಮ ಅರ್ಧ ಗಂಟೆಯ ಕನ್ನಡ ಕಾರ್ಯಕ್ರಮದಲ್ಲಿ ಎರಡು ಹಾಡುಗಳ ನಡುವೆ ನಾನು ಹೇಳಿದ ಕತೆಯೊಂದನ್ನು ನಿಮ್ಮಲ್ಲಿ ಅನೇಕರು ನಿಜವೆಂದು ನಂಬಿದ್ದೀರಿ. ನಂಬುವ ಹಾಗೆಯೇ ನಾನು ಹೇಳಿದ್ದೆ. ಅದನ್ನು ತಿದ್ದುವುದಕ್ಕೆ ಎರಡು ಹಾಡುಗಳ ನಡುವಿನ ಹೊತ್ತು ಸಾಲದು. ಅದಕ್ಕೇ ಈ ಬರಹ.

ನಡೆದದ್ದು ಇಷ್ಟು. ಸಾನಪಾಡಾದ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಂಬತ್ತನೇ ಇಯತ್ತೆ ಓದುವ ಹುಡುಗನೊಬ್ಬನಿದ್ದಾನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಮಾಂತ್ರಿಕರ ಕತೆಗಳೆಂದರೆ ಪ್ರಾಣ. ಈಗ ತಾನೇ ಒಂದು ಕಾದಂಬರಿ ಬರೆಯುತ್ತಿದ್ದಾನೆ. ಒಂದು ಸಂಜೆ ನೋಟುಪುಸ್ತಕ ಹಿಡಿದು ಬಾಗಿಲಿಗೆ ಬಂದ. “ಆಂಟಿ, ನನ್ನ ಕತೆಯಲ್ಲಿ ಮಾಂತ್ರಿಕರ ಒಂದು ಗುಪ್ತ ಸಂಘ ಇದೆ. ಅದಕ್ಕೆ ಹಳೆಯ ಇತಿಹಾಸ ಬೇಕು. ಸುಳ್ಳು ಅಂತ ಯಾರಿಗೂ ಅನ್ನಿಸಬಾರದು. ನೀವು ಕನ್ನಡ ಬಿ.ಎ. ಅಲ್ವಾ, ಹೇಳಿ” ಎಂದ.

ನನಗೆ ಥಟ್ಟನೆ ನೆನಪಾದದ್ದು ವಾಟ್ಸಾಪಿನಲ್ಲಿ ಆಗಾಗ ಬಂದು ಹೋಗುವ ‘ಅಶೋಕನ ಒಂಬತ್ತು ಅಜ್ಞಾತರು’. ಅವನಿಗೆ ಹೇಳಿದೆ. ಅವನ ಕಣ್ಣು ಅರಳಿದ್ದನ್ನು ನೋಡಿ ನನಗೂ ಹುರುಪು ಬಂತು. ಅದೇ ವಾರ ಮೈಕಿನ ಮುಂದೆಯೂ ಹೇಳಿಬಿಟ್ಟೆ. ‘ಒಂದು ದಂತಕತೆಯ ಪ್ರಕಾರ’ ಎಂಬ ಮೂರು ಮಾತು ಸೇರಿಸಬೇಕಿತ್ತು. ಸೇರಿಸಲಿಲ್ಲ. ಸೇರಿಸಿದ್ದರೆ ರೋಮಾಂಚನ ಕಡಿಮೆಯಾಗುತ್ತಿತ್ತು, ಅಷ್ಟೇ.

ಮರುವಾರ ಫೋನುಗಳು ಬಂದವು. ಒಬ್ಬರಿಗೆ ಆ ಒಂಬತ್ತು ಪುಸ್ತಕಗಳು ಎಲ್ಲಿ ಸಿಗುತ್ತವೆಂದು ತಿಳಿಯಬೇಕಿತ್ತು. ಇನ್ನೊಬ್ಬರು ನಮ್ಮ ಪೂರ್ವಜರ ಜ್ಞಾನ ನೆನೆದು ಗದ್ಗದಿತರಾದರು. ಕೊನೆಗೆ ಕರೆ ಮಾಡಿದವರು ತುರ್ಭೆಯ ಸಗಟು ಮಾರುಕಟ್ಟೆಯಲ್ಲಿ ಕೆಲಸ ಮಾಡುವ, ಕಲಬುರ್ಗಿ ಕಡೆಯ ಹಿರಿಯರು. ಅವರ ಮಾತನ್ನು ಅವರ ಧಾಟಿಯಲ್ಲೇ ಕೊಡುತ್ತೇನೆ:

“ಅಕ್ಕಾರೆ, ನಿಮ್ಮ ಒಂಬತ್ತು ಮಂದಿ ಎಲ್ಲಿ ಕುಂತಾರೋ ನನಗ ಗೊತ್ತಿಲ್ರಿ. ಆದ್ರ ಆ ರಾಜಾನ ಕಲ್ಲು ನಮ್ಮ ಸನ್ನತಿ ಗುಡ್ಯಾಗ ಕಾಳವ್ವನ ಪಾದದ ಬುಡಕ ಇತ್ರಿ. ನಮ್ಮ ಮುತ್ಯಾ ಅದರ ಮುಂದ ಕಾಯಿ ಒಡದಾನ. ಅದನ್ನ ಯಾಕ ಹೇಳಲಿಲ್ರಿ ನೀವು?”

ಯಾಕೆ ಹೇಳಲಿಲ್ಲ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮಸ್ಕಿ, ಬ್ರಹ್ಮಗಿರಿ ಎಂದು ಪರೀಕ್ಷೆಗೆ ಉರು ಹೊಡೆದವಳು ನಾನು. ಆದರೂ ಮೈಕಿನ ಮುಂದೆ ಕೂತಾಗ ನನ್ನ ಬಾಯಿಗೆ ಬಂದದ್ದು ಕಟ್ಟುಕತೆ. ಹಾಗಾದರೆ ಈ ಕತೆಯನ್ನು ಕಟ್ಟಿದವರು ಯಾರು, ಅದು ನಿಜದ ಹಾಗೆ ಕಾಣುವುದು ಹೇಗೆ ಎಂದು ಹುಡುಕುತ್ತ ಹೋದೆ.

ಕತೆ ಹೇಳುವುದೇನು?

ಕೇಳದೇ ಇದ್ದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಕಳಿಂಗ ಯುದ್ಧದ ರಕ್ತಪಾತ ನೋಡಿ ಮನಕರಗಿದ ಅಶೋಕ, ಜ್ಞಾನ ಕೆಟ್ಟವರ ಕೈಗೆ ಸಿಕ್ಕರೆ ಲೋಕ ಉಳಿಯದು ಎಂದುಕೊಂಡನಂತೆ. ಒಂಬತ್ತು ಮಂದಿ ಪಂಡಿತರನ್ನು ಆರಿಸಿ ಗುಪ್ತ ಸಂಘ ಕಟ್ಟಿದನಂತೆ. ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ. ಜನರ ಮನಸ್ಸನ್ನು ತಿರುಗಿಸುವ ವಿದ್ಯೆ ಒಂದರಲ್ಲಿ, ಮುಟ್ಟಿದರೆ ಸಾಯಿಸುವ ವಿದ್ಯೆ ಇನ್ನೊಂದರಲ್ಲಿ. ಲೋಹವನ್ನು ಚಿನ್ನ ಮಾಡುವ ರಸವಿದ್ಯೆ, ಗುರುತ್ವವನ್ನು ಗೆದ್ದು ವಿಮಾನ ಹಾರಿಸುವ ವಿದ್ಯೆ, ಬೆಳಕಿನ ವಿದ್ಯೆ, ಹೀಗೆ ಒಂಬತ್ತು. ಒಬ್ಬ ಸತ್ತರೆ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಎರಡು ಸಾವಿರ ವರ್ಷ ದಾಟಿದರೂ ಸಂಘ ನಡೆಯುತ್ತಲೇ ಇದೆ ಎನ್ನುತ್ತದೆ ಕತೆ. ಜಗದೀಶಚಂದ್ರ ಬೋಸ್, ವಿಕ್ರಮ್ ಸಾರಾಭಾಯಿ ಅವರನ್ನೂ ಸದಸ್ಯರೆಂದು ಸೇರಿಸಿಬಿಟ್ಟಿದ್ದಾರೆ ಹೇಳುವವರು. ಪಾಪ, ಅವರಿಬ್ಬರೂ ಬಂದು ಇಲ್ಲ ಎನ್ನುವಂತಿಲ್ಲ.

ಅಶೋಕನ ಯಾವ ಶಾಸನದಲ್ಲೂ ಈ ಒಂಬತ್ತು ಮಂದಿಯ ಸುಳಿವಿಲ್ಲ. ಕತೆಯೊಂದಿಗೆ ಸಾಮಾನ್ಯವಾಗಿ ಬರುವ ಇಸವಿ ಕ್ರಿ.ಪೂ. 270. ಅಶೋಕನಿಗೆ ಪಟ್ಟಾಭಿಷೇಕವಾದದ್ದು ಸುಮಾರು ಕ್ರಿ.ಪೂ. 268ರಲ್ಲಿ. ಕಳಿಂಗ ಯುದ್ಧ ನಡೆದದ್ದು ಪಟ್ಟಕ್ಕೆ ಬಂದು ಎಂಟು ವರ್ಷವಾದ ಮೇಲೆಂದು ಅವನೇ ತನ್ನ ಹದಿಮೂರನೆಯ ಶಾಸನದಲ್ಲಿ ಹೇಳಿದ್ದಾನೆ. ಅಂದರೆ ಯುದ್ಧ ನಡೆಯುವುದಕ್ಕೆ ಮೊದಲೇ, ಪಟ್ಟವೇರುವುದಕ್ಕೂ ಮೊದಲೇ ಆ ಯುದ್ಧಕ್ಕಾಗಿ ಪಶ್ಚಾತ್ತಾಪಪಟ್ಟು ಸಂಘ ಕಟ್ಟಿದ ಹಾಗಾಯಿತು!

ಕಟ್ಟಿದವರು ಯಾರು?

ಕತೆಯ ಬೇರು ನಮ್ಮ ಮುಂಬಯಿಯ ಮಣ್ಣನ್ನೂ ಒಂದಿಷ್ಟು ಮುಟ್ಟುತ್ತದೆ. 1879ರ ಫೆಬ್ರವರಿಯಲ್ಲಿ ಮೇಡಂ ಬ್ಲವಾಟ್‌ಸ್ಕಿ ಮತ್ತು ಕರ್ನಲ್ ಆಲ್ಕಾಟ್ ಹಡಗಿನಲ್ಲಿ ಬಂದು ಮುಂಬಯಿಯಲ್ಲಿಳಿದರು. ಅವರ ಬ್ರಹ್ಮವಿದ್ಯಾ ಸಮಾಜದ ಕೇಂದ್ರ ಸುಮಾರು ನಾಲ್ಕು ವರ್ಷ ಇಲ್ಲೇ ಇತ್ತು. ಮೊದಲು ಗಿರಗಾಂವ್, ಆಮೇಲೆ ಬ್ರೀಚ್ ಕ್ಯಾಂಡಿ. 1882ರ ಕೊನೆಯಲ್ಲಿ ಮದರಾಸಿನ ಅಡ್ಯಾರಿಗೆ ಹೋಯಿತು. ಹಿಮಾಲಯದಾಚೆ ಮಹಾತ್ಮರ ಒಂದು ಸೋದರ ಸಂಘವಿದೆ, ಪುರಾತನ ಜ್ಞಾನವನ್ನು ಅವರು ಕಾಯುತ್ತಿದ್ದಾರೆ, ಅವರಿಂದ ಪತ್ರಗಳು ಬರುತ್ತವೆ ಎಂಬುದು ಬ್ಲವಾಟ್‌ಸ್ಕಿಯವರ ಮಾತು. ಲಂಡನ್ನಿನ ಸಂಶೋಧನ ಸಂಸ್ಥೆಯೊಂದು ವಿಚಾರಣೆ ನಡೆಸಿ 1885ರಲ್ಲಿ ಆ ಪತ್ರಗಳನ್ನು ಕೃತಕವೆಂದಿತು. ಸಮಾಜದವರು ಆ ತೀರ್ಪನ್ನು ಒಪ್ಪಲಿಲ್ಲ. ಆ ಜಗಳ ನಮಗೆ ಇಲ್ಲಿ ಬೇಡ. ಆದರೆ ‘ಭಾರತದಲ್ಲಿ ಎಲ್ಲೋ ಕೆಲವೇ ಜ್ಞಾನಿಗಳು ಗುಟ್ಟಾಗಿ ಕೂತು ಲೋಕವನ್ನು ಕಾಯುತ್ತಿದ್ದಾರೆ’ ಎಂಬ ಚಿತ್ರ ಪಶ್ಚಿಮದ ಓದುಗರ ಮನಸ್ಸಿನಲ್ಲಿ ಬೇರೂರಿದ್ದಕ್ಕೆ ಈ ಬರಹಗಳು ದೊಡ್ಡ ಕಾರಣ.

ಬ್ಲವಾಟ್‌ಸ್ಕಿ ಮುಂಬಯಿಗೆ ಬಂದ ವರ್ಷವೇ ಲಂಡನ್ನಿನಲ್ಲಿ ವಿಲಿಯಂ ಲ್ಯಾಂಕಾಸ್ಟರ್ ಗ್ರಿಬನ್ ಎಂಬವನು ಹುಟ್ಟಿದ. ಶಾಲೆ ಬಿಟ್ಟು, ಮನೆ ಬಿಟ್ಟು, ಹರೆಯದಲ್ಲಿ ಕೆಲವು ಕಾಲ ಭಾರತದಲ್ಲಿದ್ದು, ಪೂರ್ವ ಆಫ್ರಿಕಾ ಸುತ್ತಿ, 1909ರಲ್ಲಿ ನ್ಯೂಯಾರ್ಕ್ ಸೇರಿದ. ಅಲ್ಲಿ ಟಾಲ್‌ಬಟ್ ಮಂಡಿ ಎಂಬ ಹೆಸರಿನಲ್ಲಿ ಸಾಹಸದ ಕತೆಗಳನ್ನು ಬರೆದು ಹೆಸರು ಮಾಡಿದ. ಹೆಸರಷ್ಟೇ ಏಕೆ, ತನ್ನ ಪೂರ್ವಚರಿತ್ರೆಯನ್ನೂ ಬೇಕಾದ ಹಾಗೆ ತಿದ್ದಿ ಹೇಳಿಕೊಳ್ಳುತ್ತಿದ್ದ ಆಸಾಮಿ. 1920ರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯಾದ ಪಾಯಿಂಟ್ ಲೋಮಾದಲ್ಲಿದ್ದ ಬ್ರಹ್ಮವಿದ್ಯಾವಾದಿಗಳ ಬಳಗ ಸೇರಿದ. 1923ರಲ್ಲಿ ಅಡ್ವೆಂಚರ್ ಎಂಬ ಅಮೆರಿಕದ ಪತ್ರಿಕೆಯಲ್ಲಿ ಅವನ ‘ದಿ ನೈನ್ ಅನ್‌ನೋನ್’ ಧಾರಾವಾಹಿಯಾಗಿ ಬಂತು.

ಅದು ಕಾದಂಬರಿ. ಕಾದಂಬರಿಯೆಂದೇ ಅಚ್ಚಾಯಿತು, ಕಾದಂಬರಿಯೆಂದೇ ಮಾರಾಟವಾಯಿತು. ಕತೆ ಶುರುವಾಗುವುದು ಮಾತ್ರ ಒಂದು ನಿಜವಾದ ಪ್ರಶ್ನೆಯಿಂದ: ಸಾವಿರಾರು ವರ್ಷ ಲೋಕದ ಚಿನ್ನವೆಲ್ಲ ಭಾರತಕ್ಕೆ ಹರಿದು ಬಂತಲ್ಲ, ಅದು ಹೋದದ್ದೆಲ್ಲಿಗೆ? ಈ ಪ್ರಶ್ನೆ ಹುಸಿಯಲ್ಲ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಭಾರತದ ಪಾಲಾಗುತ್ತಿದೆ ಎಂದು ರೋಮಿನ ಪ್ಲಿನಿ ಕ್ರಿ.ಶ. ಒಂದನೆಯ ಶತಮಾನದಲ್ಲೇ ಗೊಣಗಿದ್ದ. ನಿಜವಾದ ಈ ಗೂಟಕ್ಕೆ ಮಂಡಿ ತನ್ನ ಕಲ್ಪನೆಯ ಹಸುವನ್ನು ಕಟ್ಟಿದ.

ಹಸು ಗೂಟ ಕಿತ್ತುಕೊಂಡು ಓಡಿದ್ದು 1960ರಲ್ಲಿ. ಆ ವರ್ಷ ಲೂಯಿ ಪೋವೆಲ್ ಮತ್ತು ಜಾಕ್ ಬೆರ್ಜಿಯೆ ಎಂಬಿಬ್ಬರು ಫ್ರೆಂಚ್ ಭಾಷೆಯಲ್ಲಿ ಬರೆದ ‘ಮಾಂತ್ರಿಕರ ಮುಂಜಾವು’ ಎಂಬರ್ಥದ ಪುಸ್ತಕ ಬಂತು. ಬಿಸಿದೋಸೆಯಂತೆ ಖರ್ಚಾಗಿ ಹಲವು ಭಾಷೆಗಳಿಗೆ ಹೋಯಿತು. ಅದರಲ್ಲಿ ಒಂಬತ್ತು ಅಜ್ಞಾತರು ಅಶೋಕನ ಕಾಲದಿಂದ ನಡೆದು ಬಂದ ಸಂಘವಾಗಿ, ಇತಿಹಾಸದ ವೇಷದಲ್ಲಿ ಬಂದರು. ಮಂಡಿಯನ್ನು ಆ ಲೇಖಕರು 25 ವರ್ಷ ಭಾರತದ ಬ್ರಿಟಿಷ್ ಪೊಲೀಸರಲ್ಲಿ ಕೆಲಸ ಮಾಡಿದವನೆಂದು ಪರಿಚಯಿಸಿದರು. ಅಲ್ಲಿಗೆ ಕತೆಗಾರ ಹೋಗಿ ಸಾಕ್ಷಿದಾರ ಬಂದ. ಪೊಲೀಸನೇ ಹೇಳಿದ ಮೇಲೆ ಅನುಮಾನಪಡುವವರು ಯಾರು?

ಅಲ್ಲಿಂದ ಮುಂದೆ ಒಂದು ಪುಸ್ತಕ ಇನ್ನೊಂದಕ್ಕೆ ಸಾಕ್ಷಿ. ನಮ್ಮ ದೇಶದ ಇಂಗ್ಲಿಷ್ ರೋಚಕ ಕಾದಂಬರಿಗಳಿಗೂ ಒಂಬತ್ತು ಮಂದಿ ಬಂದರು. 2013ರಲ್ಲಿ ಬಂದ ಕ್ರಿಸ್ಟಫರ್ ಡಾಯ್ಲ್ ಅವರ ‘ದಿ ಮಹಾಭಾರತ ಸೀಕ್ರೆಟ್’ ಅದಕ್ಕೊಂದು ಉದಾಹರಣೆ. ಕಾದಂಬರಿಯಲ್ಲಿ ಬರುವುದರಲ್ಲಿ ತಪ್ಪೇನಿಲ್ಲ, ಅದು ಅವರ ಊರೇ. ಅಲ್ಲಿಂದ ಜಾರಿ ವಾಟ್ಸಾಪಿಗೆ ಬಂದು, ವಾಟ್ಸಾಪಿನಿಂದ ನನ್ನ ಬಾಯಿಗೆ ಬಂದದ್ದು ತಪ್ಪು.

ನಂಬಿಸುವ ಇತಿಹಾಸದ ಅಡುಗೆ

ಹುಡುಗನ ನೋಟುಪುಸ್ತಕಕ್ಕೆ ಉಪಯೋಗವಾದೀತೆಂದು ಈ ಅಡುಗೆಯ ಸಾಮಾನುಗಳನ್ನು ಲೆಕ್ಕಹಾಕಿದೆ.

ಮೊದಲಿಗೆ ಎಲ್ಲರಿಗೂ ಗೊತ್ತಿರುವ ಒಬ್ಬ ದೊಡ್ಡ ಮನುಷ್ಯ ಬೇಕು. ಊರ ಗೌಡನೊಬ್ಬ ಗುಪ್ತ ಸಂಘ ಕಟ್ಟಿದ ಎಂದರೆ ಯಾರೂ ಕೇಳುವುದಿಲ್ಲ. ಎರಡನೆಯದು, ಮನಸ್ಸು ಕಲಕುವ ನಿಜ ಘಟನೆ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ದರು ಎಂದು ಅಶೋಕನೇ ಕಲ್ಲಿನಲ್ಲಿ ಬರೆಸಿದ್ದಾನೆ. ಆ ದುಃಖ ನಿಜ. ದುಃಖ ನಿಜವಾದರೆ ಅದರ ಬಾಲಕ್ಕೆ ಕಟ್ಟಿದ ಸುಳ್ಳೂ ನಿಜದ ಹಾಗೆಯೇ ಅಲ್ಲಾಡುತ್ತದೆ.

ಮೂರನೆಯದು, ಒಂದು ಸಂಖ್ಯೆ. ‘ಕೆಲವರು’ ಎಂದರೆ ಗಾಳಿಮಾತು, ‘ಒಂಬತ್ತು ಮಂದಿ’ ಎಂದರೆ ಎಣಿಸಿ ನೋಡಿದ ಹಾಗಿರುತ್ತದೆ. ಅದರಲ್ಲೂ ಒಂಬತ್ತು ನಮಗೆ ಪರಿಚಿತ: ನವಗ್ರಹ, ನವರತ್ನ, ನವನಿಧಿ. ನಾಲ್ಕನೆಯದು, ಪಟ್ಟಿ. ಒಂಬತ್ತು ಪುಸ್ತಕಕ್ಕೂ ಒಂದೊಂದು ವಿಷಯ ಕೊಟ್ಟ ಕೂಡಲೇ ಗ್ರಂಥಾಲಯದ ಸೂಚಿ ಓದಿದಂತಾಗುತ್ತದೆ. ಐದನೆಯದು, ಎದ್ದು ಬಂದು ಇಲ್ಲವೆನ್ನಲಾಗದ ಹಿರಿಯರ ಹೆಸರು.

ಕೊನೆಯದು ಎಲ್ಲಕ್ಕಿಂತ ಮುಖ್ಯವಾದ ಒಗ್ಗರಣೆ: ಪುರಾವೆ ಇಲ್ಲದಿರುವುದೇ ಪುರಾವೆ. ‘ಎಲ್ಲಿದ್ದಾರೆ, ತೋರಿಸಿ’ ಎಂದರೆ ‘ಕಾಣದಿರುವುದೇ ಅವರ ಹೆಚ್ಚುಗಾರಿಕೆ’ ಎನ್ನುವುದು. ಹೀಗೆಂದ ಮೇಲೆ ಮುಂದಿನ ಪ್ರಶ್ನೆಗೆ ಜಾಗವೇ ಇಲ್ಲ. ಕತೆಗೆ ಇದು ಚೆಂದ. ಇತಿಹಾಸಕ್ಕೆ ಇದು ವಿಷ.

ವಿಷ ಎಂಬ ಮಾತು ಹೆಚ್ಚಾಯಿತು ಎನ್ನುವವರಿಗೆ ಒಂದು ಘಟನೆ ನೆನಪಿಸುತ್ತೇನೆ. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ ನವವೃಂದಾವನವಿದೆ. 2019ರ ಜುಲೈ ತಿಂಗಳಲ್ಲಿ ಅಲ್ಲಿನ ವ್ಯಾಸರಾಜರ ವೃಂದಾವನವನ್ನು ನಿಧಿಯ ಆಸೆಗೆ ರಾತ್ರೋರಾತ್ರಿ ಒಡೆದು ಹಾಕಿದರು. ವಿಜಯನಗರದ ಗುರುಗಳು ನಿಧಿ ಬಚ್ಚಿಟ್ಟಿರಬೇಕೆಂಬ ‘ಗುಪ್ತ ಇತಿಹಾಸ’ವನ್ನು ನಂಬಿದವರ ಹಾರೆ ಗುದ್ದಲಿಯ ಕೆಲಸ ಅದು. ನಿಧಿಗಳ್ಳರ ಕೈಗೆ ಸಿಕ್ಕಿ ಹಾಳಾದ ಗುಡಿ, ವೀರಗಲ್ಲುಗಳ ಸುದ್ದಿ ನಮ್ಮ ನಾಡಿನ ಪತ್ರಿಕೆಗಳಿಗೆ ಹೊಸದಲ್ಲ. ಮೊದಲು ಕಿವಿಗೆ ಕತೆ ಬೀಳುತ್ತದೆ, ಆಮೇಲೆ ಕೈಗೆ ಗುದ್ದಲಿ ಬರುತ್ತದೆ.

ಡಂಗುರ ಹೊಡೆಸಿದ ರಾಜ

ಈಗ ಆ ರಾಜನತ್ತ ನೋಡೋಣ. ಗುಟ್ಟು ಕಾಯಲು ಸಂಘ ಕಟ್ಟಿದನೆನ್ನುವ ಅಶೋಕ ನಿಜದಲ್ಲಿ ಎಂಥವನು?

ಶಾಸನಗಳನ್ನು ಓದಿದರೆ ನನ್ನಂಥ ರೇಡಿಯೋ ಮಂದಿಗೆ ಅವನು ಹತ್ತಿರದ ನಂಟನ ಹಾಗೆ ಕಾಣುತ್ತಾನೆ. ಗುಡ್ಡದ ಬಂಡೆ, ದಾರಿಯ ಬದಿ, ಊರ ಹತ್ತಿರ, ಎಲ್ಲಿ ಜನ ಕೂಡುತ್ತಾರೋ ಅಲ್ಲಿ ತನ್ನ ಮಾತು ಬರೆಸಿದ. ಸಂಸ್ಕೃತದಲ್ಲಲ್ಲ, ಜನ ಆಡುವ ಪ್ರಾಕೃತದಲ್ಲಿ. ವಾಯವ್ಯದ ಗಡಿಯಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಯಲ್ಲೂ. ಓದು ಬಾರದವರ ಗತಿಯೇನು ಎಂಬುದನ್ನೂ ಯೋಚಿಸಿದ್ದ. ನಿಗದಿಯಾದ ತಿಷ್ಯ ನಕ್ಷತ್ರದ ದಿನಗಳಲ್ಲಿ ಶಾಸನವನ್ನು ಗಟ್ಟಿಯಾಗಿ ಓದಿ ಕೇಳಿಸಬೇಕು, ನಡುವೆ ಒಬ್ಬನೇ ಬಂದರೆ ಆ ಒಬ್ಬನಿಗೂ ಕೇಳಿಸಬೇಕು ಎಂದು ಅಧಿಕಾರಿಗಳಿಗೆ ಆಜ್ಞೆಯಿತ್ತು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಿ ಹಳ್ಳಿಗರಿಗೆ ಭೇರಿ ಬಾರಿಸಿ ತಿಳಿಸುವ ಮಾತೂ ಇದೆ. ಗೊತ್ತಾದ ದಿನ, ಗೊತ್ತಾದ ಹೊತ್ತು, ಒಬ್ಬ ಕೇಳುಗನಿದ್ದರೂ ಪ್ರಸಾರ! ನಮ್ಮ ಕಾರ್ಯಕ್ರಮದ ಕೇಳುಗರ ಸಂಖ್ಯೆ ಕಡಿಮೆಯೆಂದು ಬೇಸರವಾದಾಗ ಇನ್ನು ಮುಂದೆ ನಾನು ಈ ಆಜ್ಞೆಯನ್ನು ನೆನೆಸಿಕೊಳ್ಳುತ್ತೇನೆ.

ಹೇಳಿದ್ದಾದರೂ ಏನು? ಮಸ್ಕಿ, ಬ್ರಹ್ಮಗಿರಿಗಳಲ್ಲಿರುವ ಕಿರು ಶಾಸನದ ತಿರುಳು ಇದು: ಈ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಪಡೆಯಬಹುದು. ಒಂಬತ್ತು ಮಂದಿಗೆ ಮಾತ್ರ ಎಂಬ ಕತೆಗೆ ಇದು ತದ್ವಿರುದ್ಧ.

ಮಾಟ ಮಂತ್ರಗಳ ಬಗ್ಗೆಯೂ ಅವನ ಅಭಿಪ್ರಾಯ ನಮಗೆ ಗೊತ್ತು. ಒಂಬತ್ತನೆಯ ಬಂಡೆಗಲ್ಲು ಶಾಸನದಲ್ಲಿ ಜನ ಕಾಯಿಲೆಗೆ, ಮದುವೆಗೆ, ಹೆರಿಗೆಗೆ, ಪ್ರಯಾಣಕ್ಕೆ ಮಾಡಿಸುವ ಬಗೆಬಗೆಯ ಮಂಗಳಕಾರ್ಯಗಳ ಮಾತು ಬರುತ್ತದೆ. ಮಾಡಿಕೊಳ್ಳಿ, ಆದರೆ ಅವುಗಳ ಫಲ ಅಲ್ಪ ಎನ್ನುತ್ತಾನೆ. ಆಳುಕಾಳುಗಳನ್ನು ಸರಿಯಾಗಿ ನೋಡಿಕೊಳ್ಳುವುದು, ಗುರುಹಿರಿಯರನ್ನು ಗೌರವಿಸುವುದು, ಪ್ರಾಣಿಗಳಿಗೆ ಹಿಂಸೆ ಮಾಡದಿರುವುದು, ಇವೇ ದೊಡ್ಡ ಫಲದ ಮಂಗಳ ಎನ್ನುತ್ತಾನೆ. ಇಂಥವನನ್ನು ಮಾಂತ್ರಿಕರ ಸಂಘದ ಸ್ಥಾಪಕನನ್ನಾಗಿ ಮಾಡಿದ್ದೇವೆ.

ಹಳೆಯ ಕಾಲದವರೂ ಅಶೋಕನ ಬಗ್ಗೆ ಕತೆ ಕಟ್ಟಿದ್ದಾರೆ. ಲೋಕಪಞ್ಞತ್ತಿ ಎಂಬ ಪಾಲಿ ಗ್ರಂಥದಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ಬುದ್ಧನ ಧಾತುಗಳನ್ನು ಅಜಾತಶತ್ರು ನೆಲದಡಿ ಹುದುಗಿಸಿ, ಕಾವಲಿಗೆ ಯಂತ್ರದ ಮನುಷ್ಯರನ್ನು ನಿಲ್ಲಿಸಿರುತ್ತಾನೆ. ಬಹುಕಾಲದ ಮೇಲೆ ಅಶೋಕ ಬಂದು ಆ ಯಂತ್ರಗಳನ್ನು ಗೆದ್ದು, ಧಾತುಗಳನ್ನು ಹೊರತೆಗೆದು ನಾಡಿಗೆಲ್ಲ ಹಂಚುತ್ತಾನೆ. ಅದೂ ಕಟ್ಟುಕತೆಯೇ. ಆದರೆ ಕಟ್ಟಿದವರಿಗೆ ಅಶೋಕನ ಸ್ವಭಾವ ಗೊತ್ತಿತ್ತು. ಅವರ ಕತೆಯಲ್ಲಿ ಅವನು ಮುಚ್ಚಿದ್ದನ್ನು ತೆರೆದು ಹಂಚುವವನು.

ಹಾಗಾದರೆ ಮುಚ್ಚಿದವರು ಯಾರು?

ಇಷ್ಟೆಲ್ಲ ಕೂಗಿ ಹೇಳಿದ ರಾಜ ಆಮೇಲೆ ಮರೆತೇ ಹೋದ. ನಿಜವಾದ ಗುಪ್ತ ಇತಿಹಾಸವೆಂದರೆ ಇದು. ಬಂಡೆಗಳು ಬಯಲಿನಲ್ಲೇ ಇದ್ದವು. ಕುರಿ ಕಾಯುವವರು ಅವುಗಳ ನೆರಳಲ್ಲಿ ಬುತ್ತಿ ಬಿಚ್ಚಿದರು. ಅಕ್ಷರ ಮಾತ್ರ ಯಾರಿಗೂ ಓದಲು ಬರುತ್ತಿರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿ ಓದಿದರು. ಓದಿದರೆ ಅಲ್ಲಿದ್ದದ್ದು ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಬಿರುದು. ಸಿಂಹಳದ ಬೌದ್ಧ ಗ್ರಂಥಗಳ ನೆರವಿನಿಂದ ಇವನೇ ಅಶೋಕನೆಂದು ಜಾರ್ಜ್ ಟರ್ನರ್ ಗುರುತಿಸಿದರು. ಆದರೆ ಆಗ ತಿಳಿದಿದ್ದ ಶಾಸನಗಳಲ್ಲಿ ಅಶೋಕ ಎಂಬ ಹೆಸರೇ ಇರಲಿಲ್ಲ.

ಆ ಹೆಸರು ಸಿಕ್ಕಿದ್ದು ನಮ್ಮ ಕನ್ನಡ ನೆಲದಲ್ಲಿ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿ. ಬೀಡನ್ ಎಂಬ ಇಂಜಿನಿಯರು ಚಿನ್ನದ ಅದಿರು ಹುಡುಕುತ್ತ ಬಂದವರು ಬಂಡೆಯ ಮೇಲೆ ಅಕ್ಷರ ಕಂಡರು. ಅದನ್ನು ಓದಿ ಪ್ರಕಟಿಸಿದವರು ಹೊಸಕೋಟೆ ಕೃಷ್ಣಶಾಸ್ತ್ರಿಗಳು. ಅಲ್ಲಿ ‘ದೇವಾನಾಂಪ್ರಿಯ’ನ ಜೊತೆಗೇ ‘ಅಶೋಕ’ ಎಂದಿತ್ತು. ಮಂಡಿಯ ಕತೆಯಲ್ಲಿ ಚಿನ್ನ ಹುಡುಕುತ್ತ ಹೋದವರಿಗೆ ಗುಪ್ತ ಸಂಘ ಎದುರಾಗುತ್ತದೆ. ಎಂಟು ವರ್ಷ ಮೊದಲೇ ನಿಜವಾಗಿ ಚಿನ್ನ ಹುಡುಕುತ್ತ ಹೋದವರಿಗೆ ರಾಜನ ಹೆಸರೇ ಎದುರಾಗಿತ್ತು. ಎರಡರಲ್ಲಿ ಯಾವುದು ಹೆಚ್ಚು ರೋಮಾಂಚಕ, ನೀವೇ ಹೇಳಿ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯದು ಇನ್ನೊಂದು ಕತೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಶಾಸನ ಅದು. ಅದರಲ್ಲಿ ಬರುವ ‘ಇಸಿಲ’ ಎಂಬ ಊರಹೆಸರು ಕನ್ನಡದ್ದೇ ಇರಬೇಕೆಂದು ಡಿ.ಎಲ್. ನರಸಿಂಹಾಚಾರ್ಯರು ವಾದಿಸಿದ್ದನ್ನು ನಮ್ಮ ತರಗತಿಯಲ್ಲಿ ಕೇಳಿದ್ದೆ. ನನ್ನ ಮನಸ್ಸಿನಲ್ಲಿ ಉಳಿದವನು ಶಾಸನವನ್ನು ಬರೆದ ಚಪಡ. ಬರಹವೆಲ್ಲ ಬ್ರಾಹ್ಮಿಯಲ್ಲಿದೆ. ಕೊನೆಯಲ್ಲಿ ತನ್ನ ಹೆಸರಿನ ಮುಂದೆ ‘ಲಿಪಿಕಾರ’ ಎಂಬ ಮಾತನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ನಡೆಯುತ್ತಿದ್ದದ್ದು ದೂರದ ಗಾಂಧಾರದ ಕಡೆ. ಬಂಡೆಯ ಮುಂದೆ ಕೂತು, ಸರ್ಕಾರಿ ಬರಹವನ್ನೆಲ್ಲ ಸರ್ಕಾರಿ ಲಿಪಿಯಲ್ಲಿ ಮುಗಿಸಿ, ಕೊನೆಗೊಂದು ಪದವನ್ನು ಅವನು ದೂರದ ಆ ಲಿಪಿಯಲ್ಲಿ ಬರೆದ. ಸಾನಪಾಡಾದ ಬ್ಯಾಂಕಿನಲ್ಲಿ ಅರ್ಜಿಯನ್ನೆಲ್ಲ ಇಂಗ್ಲಿಷಿನಲ್ಲಿ ತುಂಬಿ ಕನ್ನಡದಲ್ಲಿ ಸಹಿ ಹಾಕುವ ನಮಗೆ ಈ ಚಪಡ ಯಾರೆಂದು ಬಿಡಿಸಿ ಹೇಳಬೇಕೇ?

ಇನ್ನು ತುರ್ಭೆಯ ಹಿರಿಯರು ಹೇಳಿದ ಸನ್ನತಿ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಡದಲ್ಲಿದೆ. ಅಲ್ಲಿನ ಚಂದ್ರಲಾಂಬೆ ಮಹಾರಾಷ್ಟ್ರದ ಅನೇಕ ಮನೆತನಗಳಿಗೂ ಕುಲದೇವತೆ. ಆ ಗುಡಿಯ ಆವರಣದ ಕಾಳಿಯ ಗುಡಿ 1986ರಲ್ಲಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲು ಹೊರಬಂತು. ನೋಡಿದರೆ ಅದರ ಎರಡೂ ಬದಿಗೆ ಅಶೋಕನ ಶಾಸನಗಳು! ಮೂರ್ತಿ ನಿಲ್ಲಿಸಲೆಂದು ಯಾವ ಕಾಲದಲ್ಲೋ ಕಲ್ಲಿನ ನಡುವೆ ತೂತು ಕೊರೆದಿದ್ದರು, ಅಷ್ಟು ಅಕ್ಷರ ಹೋಗಿತ್ತು. ಹತ್ತಿರದ ಕನಗನಹಳ್ಳಿಯಲ್ಲಿ ಆಮೇಲೆ ನಡೆದ ಅಗೆತದಲ್ಲಿ ದೊಡ್ಡ ಸ್ತೂಪ ಸಿಕ್ಕಿತು. ಅಲ್ಲಿನ ಒಂದು ಫಲಕದಲ್ಲಿ ರಾಜನೊಬ್ಬ ಪರಿವಾರದೊಂದಿಗೆ ನಿಂತಿದ್ದಾನೆ. ಪಕ್ಕದಲ್ಲಿ ಬ್ರಾಹ್ಮಿಯಲ್ಲಿ ‘ರಾಯ ಅಶೋಕ’ ಎಂದು ಹೆಸರನ್ನೂ ಕೆತ್ತಿದ್ದಾರೆ.

ಈ ಕಲ್ಲನ್ನು ಮುಚ್ಚಿಟ್ಟವರು ಯಾವ ಗುಪ್ತ ಸಂಘದವರೂ ಅಲ್ಲ. ಗುಡಿ ಕಟ್ಟುವವರಿಗೆ ಸಪಾಟಾದ ಗಟ್ಟಿ ಚಪ್ಪಡಿ ಬೇಕಿತ್ತು, ಹತ್ತಿರದಲ್ಲೇ ಒಂದು ಸಿಕ್ಕಿತು, ಎಳೆದು ತಂದರು. ಆಮೇಲೆ ತಲೆಮಾರುಗಟ್ಟಲೆ ಜನ ಅದರ ಮುಂದೆ ಕಾಯಿ ಒಡೆದು ಕುಂಕುಮ ಹಚ್ಚಿದರು. ಇತಿಹಾಸ ಮರೆಯಾಗುವುದು ಹೆಚ್ಚಾಗಿ ಹೀಗೆ, ಯಾರ ಸಂಚೂ ಇಲ್ಲದೆ. ಓದುವವರಿಲ್ಲದೆ ಮರೆಯಾಗುತ್ತದೆ, ಕೇಳುವವರಿಲ್ಲದೆ ಮರೆಯಾಗುತ್ತದೆ.

ಕರ್ನಾಟಕದಲ್ಲಿ ಇಂದು ತಿಳಿದಿರುವ ಅಶೋಕನ ಶಾಸನದ ಜಾಗಗಳನ್ನು ಎಣಿಸಿದೆ. ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉದೇಗೋಳ, ಸನ್ನತಿ. ಒಟ್ಟು ಒಂಬತ್ತು! ಮೈ ಜುಮ್ಮೆಂದಿತೇ? ನನಗೂ ಎಂದಿತು. ಆದರೆ ಇದರಲ್ಲಿ ಯಾವ ಗೂಢಾರ್ಥವೂ ಇಲ್ಲ. ನಾಳೆ ರೈತನೊಬ್ಬನ ನೇಗಿಲಿಗೆ ಇನ್ನೊಂದು ಸಿಕ್ಕರೆ ಹತ್ತಾಗುತ್ತದೆ, ಅಷ್ಟೇ. ಹತ್ತಾದರೆ ಕತೆಗಾರನಿಗೆ ನಷ್ಟ, ಇತಿಹಾಸಕ್ಕೆ ಲಾಭ.

ಸೋಪಾರಾಕ್ಕೆ ಹೋಗಿದ್ದು

ಒಂದು ಭಾನುವಾರ ಹುಡುಗನನ್ನೂ ಅವನ ತಾಯಿಯನ್ನೂ ಕರೆದುಕೊಂಡು ಹೊರಟೆ. ಸಾನಪಾಡಾದಿಂದ ಹಾರ್ಬರ್ ಲೋಕಲ್ ಹಿಡಿದು ಕುರ್ಲಾ, ಕುರ್ಲಾದಿಂದ ದಾದರ್, ದಾದರಿನ ಸೇತುವೆ ಹತ್ತಿಳಿದು ವಿರಾರ್ ಗಾಡಿ. ನಾಲಾಸೋಪಾರಾದಲ್ಲಿ ಇಳಿದು ಪಶ್ಚಿಮಕ್ಕೆ ರಿಕ್ಷಾ. 2014ರಲ್ಲಿ ಪಾಲ್ಘರ್ ಜಿಲ್ಲೆಯಾಗುವವರೆಗೆ ಇದು ನಮ್ಮ ಠಾಣೆ ಜಿಲ್ಲೆಯೇ ಆಗಿತ್ತು. ಸೋಪಾರಾ ಅಂದಿನ ಶೂರ್ಪಾರಕ, ಹಡಗುಗಳು ಬಂದು 

ಹೋಗುತ್ತಿದ್ದ ದೊಡ್ಡ ಬಂದರು.

ಅಲ್ಲಿ ಒಂದು ಇಟ್ಟಿಗೆಯ ದಿಬ್ಬವಿದೆ. ಊರವರು ಅದನ್ನು ‘ಬುರುಡ ರಾಜನ ಕೋಟೆ’ ಎನ್ನುತ್ತಿದ್ದರು. ಬುರುಡರೆಂದರೆ ನಮ್ಮ ಕಡೆ ಬುಟ್ಟಿ ಹೆಣೆಯುವ ಮೇದಾರರು. ಕಾರಣ ತಿಳಿಯದ ದಿಬ್ಬಕ್ಕೆ ಊರವರು ಕಟ್ಟಿಕೊಂಡ ಇತಿಹಾಸ ಅದು. 1882ರ ಏಪ್ರಿಲ್ ತಿಂಗಳಲ್ಲಿ ಪಂಡಿತ ಭಗವಾನ್‌ಲಾಲ್ ಇಂದ್ರಜಿ ಅದನ್ನು ಅಗೆಸಿದರು. ಬ್ಲವಾಟ್‌ಸ್ಕಿಯವರ ಮಹಾತ್ಮರ ಬಗ್ಗೆ ಮುಂಬಯಿ ಮಾತಾಡಿಕೊಳ್ಳುತ್ತಿದ್ದ ಕಾಲವೇ ಅದು. ದಿಬ್ಬದ ಹೊಟ್ಟೆಯಲ್ಲಿ ಕಲ್ಲಿನ ಕರಂಡ, ಸುತ್ತ ಎಂಟು ಕಂಚಿನ ಬುದ್ಧಮೂರ್ತಿಗಳು, ಒಂದರೊಳಗೊಂದು ಡಬ್ಬಿಗಳು, ಚಿನ್ನದ ಹೂಗಳು, ಯಜ್ಞ ಶಾತಕರ್ಣಿಯ ಬೆಳ್ಳಿ ನಾಣ್ಯ. ಎಲ್ಲಕ್ಕಿಂತ ಒಳಗೆ ಅಷ್ಟು ಜೋಪಾನವಾಗಿ ಇಟ್ಟಿದ್ದದ್ದು ಮಣ್ಣಿನ ಪಾತ್ರೆಯ ಚೂರುಗಳು. ಬುದ್ಧನ ಭಿಕ್ಷಾಪಾತ್ರೆಯದೆಂಬ ಭಕ್ತಿಯಿಂದ ಇಟ್ಟದ್ದು.

ಅದೇ ವರ್ಷ ಅದೇ ಊರಲ್ಲಿ ಅಶೋಕನ ಎಂಟನೆಯ ಶಾಸನದ ತುಣುಕು ಸಿಕ್ಕಿತು. ರಾಜರು ಹಿಂದೆ ಬೇಟೆಗೆ, ವಿಹಾರಕ್ಕೆ ಹೋಗುತ್ತಿದ್ದರು, ಈಗ ನಾನು ಹಳ್ಳಿಯ ಜನರನ್ನು ಕಂಡು ಮಾತಾಡಲು ಹೋಗುತ್ತೇನೆ ಎಂಬುದು ಅದರ ವಿಷಯ. 1956ರಲ್ಲಿ ಹತ್ತಿರದ ಭುಯಿಗಾಂವ್‌ನಲ್ಲಿ ಇನ್ನೊಂದು ತುಣುಕು ಸಿಕ್ಕಿತು, ಒಂಬತ್ತನೆಯ ಶಾಸನದ್ದು. ಹೌದು, ಮಂಗಳಕಾರ್ಯಗಳ ಫಲ ಅಲ್ಪ ಎನ್ನುವ ಅದೇ ಶಾಸನ. ಸೋಪಾರಾದ ಶಾಸನದ ತುಣುಕನ್ನು ಇಂದು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ನೋಡಬಹುದು. ಹಾರ್ಬರ್ ಲೋಕಲ್‌ನ ಕೊನೆಯ ನಿಲ್ದಾಣದಲ್ಲಿ ಇಳಿದರೆ ಆಯಿತು.

ದಿಬ್ಬದ ಮುಂದೆ ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಮಾಂತ್ರಿಕರಿಲ್ಲವೆಂದು ನಿರಾಸೆಯಾಯಿತೇನೋ ಎಂದು ನಾನು ಹೆದರಿದ್ದೆ. “ಆಂಟಿ, ಅಷ್ಟೊಂದು ಡಬ್ಬಿಗಳ ಒಳಗೆ ಒಡೆದ ಮಡಕೆ ಇಟ್ಟಿದ್ರಾ? ಇದನ್ನ ನನ್ನ ಕತೆಯಲ್ಲಿ ಹಾಕ್ಕೊಳ್ಳಬಹುದಾ?” ಎಂದ. ಹಾಕ್ಕೋ, ಆದರೆ ಮೊದಲ ಪುಟದಲ್ಲಿ ‘ಇದು ಕತೆ’ ಅಂತ ಬರೆ ಎಂದೆ. “ಅದು ನೀವೂ ಹೇಳಬೇಕಿತ್ತು ಅಲ್ವಾ?” ಎಂದುಬಿಟ್ಟ. ಅವನ ತಾಯಿ ಕಣ್ಣು ಬಿಟ್ಟರು. ನನಗೆ ಉತ್ತರವಿರಲಿಲ್ಲ.

ಕೇಳುಗರೇ, ಸನ್ನತಿಯ ಆ ಕಲ್ಲಿನಲ್ಲಿರುವ ಶಾಸನಗಳಲ್ಲಿ ಎರಡು ನನ್ನ ಕಸುಬಿಗೇ ಬರೆದ ಹಾಗಿವೆ. ಹನ್ನೆರಡನೆಯದು ಮಾತಿನ ಮೇಲೆ ಹಿಡಿತವಿರಲಿ ಎನ್ನುತ್ತದೆ. ಹದಿನಾಲ್ಕನೆಯದು ಇನ್ನೂ ಸ್ವಾರಸ್ಯ. ನನ್ನ ಬರಹಗಳಲ್ಲಿ ಕೆಲವೆಡೆ ಕೊರತೆ ಉಳಿದಿರಬಹುದು, ಲಿಪಿಕಾರನ ತಪ್ಪಿನಿಂದಲೂ ಇರಬಹುದು ಎಂದು ಅಷ್ಟು ದೊಡ್ಡ ಚಕ್ರವರ್ತಿ ಒಪ್ಪಿಕೊಂಡಿದ್ದಾನೆ, ಅದೂ ಅಳಿಸಲಾಗದ ಕಲ್ಲಿನ ಮೇಲೆ. ಗಾಳಿಯಲ್ಲಿ ಆಡಿದ ತಪ್ಪನ್ನು ಕಾಗದದ ಮೇಲೆ ಒಪ್ಪಿಕೊಳ್ಳಲು ನನಗೇನು ಧಾಡಿ?

ತುರ್ಭೆಯ ಹಿರಿಯರಿಗೆ ನನ್ನ ನಮಸ್ಕಾರ. ಬರುವ ವಾರ ಸನ್ನತಿಯ ಕತೆಯನ್ನು ಅವರ ಬಾಯಿಂದಲೇ ಕೇಳೋಣ, ಒಪ್ಪಿಕೊಂಡಿದ್ದಾರೆ. ನಿಮ್ಮ ಊರಿನಲ್ಲೂ ಓದದೇ ಬಿಟ್ಟ ಕಲ್ಲೊಂದು ಇದ್ದೀತು. ಬಟ್ಟೆ ಒಗೆಯುವ ಹಾಸುಗಲ್ಲಾಗಿಯೋ, ಅಗಸೆಯ ಮೆಟ್ಟಿಲಾಗಿಯೋ ಬಿದ್ದಿರಬಹುದು. ರಜೆಗೆ ಊರಿಗೆ ಹೋದಾಗ ಒಮ್ಮೆ ಮಗುಚಿ ನೋಡಿ, ನಮಗೂ ತಿಳಿಸಿ.

ಅಲ್ಲಿಯವರೆಗೆ, ನಮಸ್ಕಾರ.